ನೆರೆಮನೆಯವರ ಸ್ನೇಹ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ಕದ್ರಿ ನಿವಾಸಿ

ನಾವು ಧಾರವಾಡದಿಂದ ಮಂಗಳೂರಿಗೆ ಬಂದು ಕದ್ರಿಯ ಫ್ಲ್ಯಾಟೊಂದರಲ್ಲಿ ನೆಲೆಸಿ ಎರಡು ವರ್ಷಗಳಾದವು. ಎದುರುಮನೆಯ ಹಿರಿಯ ದಂಪತಿಯ ಹೆಸರು ನನಗೆ ತಿಳಿದದ್ದು ಬಾಗಿಲ ಮೇಲಿನ ಫಲಕದಿಂದ ಮಾತ್ರ. ಕಳೆದ ಭಾನುವಾರ ನಮ್ಮ ಸಭೆಯಲ್ಲಿ ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಕುರಿತು ಪ್ರಸಂಗವಿತ್ತು. ತನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಿಯೊಬ್ಬನು ಯೇಸುವನ್ನು ಕೇಳುತ್ತಾನೆ. ನನ್ನ ನೆರೆಯವರು ಯಾರೆಂಬುದು ನನಗೆ ಚೆನ್ನಾಗಿ ಗೊತ್ತಿದೆ, ಅವರ ಬಾಗಿಲು ತಟ್ಟುವುದು ಹೇಗೆಂಬುದು ಮಾತ್ರ ಗೊತ್ತಿಲ್ಲ. ಹೋದ ಕ್ರಿಸ್ಮಸಿಗೆ ಕೇಕ್ ಕೊಟ್ಟಾಗ ಅವರು ಹೊಸ್ತಿಲಲ್ಲೇ ನಿಂತು ನಗುಮುಖದಿಂದ ತೆಗೆದುಕೊಂಡರು, ಮಾತು ಅಲ್ಲಿಗೇ ಮುಗಿಯಿತು. ಕ್ರೈಸ್ತನೊಬ್ಬ ತಾನಾಗಿಯೇ ಹತ್ತಿರ ಬಂದರೆ ಮತಾಂತರದ ಉದ್ದೇಶವಿರಬಹುದೆಂದು ಅವರು ಶಂಕಿಸಿಯಾರೆಂಬ ಅಳುಕು ನನಗಿದೆ. ಹಾಗೆಂದು ನನ್ನ ನಂಬಿಕೆಯನ್ನು ಬಚ್ಚಿಟ್ಟುಕೊಂಡು ಬದುಕಲೂ ಮನಸ್ಸಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಿವೃತ್ತ ಶಿಕ್ಷಕಿ, ಕುಲಶೇಖರ

ಕೊಂಕಣಿ ಕಥೊಲಿಕರಾದ ನಮ್ಮಲ್ಲಿ ಕ್ರಿಸ್ಮಸಿಗೆ ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಹಂಚುವುದು ಹಿಂದಿನಿಂದ ಬಂದ ವಾಡಿಕೆ. ನೆವ್ರಿ, ಕಿಡಿಯೊ, ಕುಕ್ಕಿಸ್ ತುಂಬಿದ ತಟ್ಟೆಯ ಮೇಲೆ ಕಸೂತಿಯ ಬಟ್ಟೆ ಮುಚ್ಚಿ ಅಮ್ಮ ನಮ್ಮನ್ನು ಪಕ್ಕದ ಮನೆಗೆ ಕಳುಹಿಸುತ್ತಿದ್ದರು. ಆ ಮನೆಯ ಅಕ್ಕ ಖಾಲಿ ತಟ್ಟೆಯನ್ನು ಎಂದೂ ಹಿಂದಿರುಗಿಸಿದವರಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರುತ್ತಿತ್ತು. ಅಷ್ಟಮಿಗೆ ಅಲ್ಲಿಂದ ಉಂಡೆ, ಚಕ್ಕುಲಿ ಬರುತ್ತಿದ್ದವು. ಕೊನೆಕೊನೆಗೆ ಆ ತಟ್ಟೆ ಮೂಲತಃ ಯಾರ ಮನೆಯದೆಂಬುದೇ ಎರಡು ಮನೆಯವರಿಗೂ ಮರೆತುಹೋಗಿತ್ತು.

ಆದರೆ ಈ ಸಂಬಂಧ ಶುರುವಾದದ್ದು ತಟ್ಟೆಯಿಂದಲ್ಲ. ನಮ್ಮ ಹೆರೆಮಣೆಯ ಹಲ್ಲು ಮುರಿದ ದಿನ ಅಮ್ಮ ಕೈಯಲ್ಲಿ ತೆಂಗಿನಕಾಯಿಯ ಹೋಳು ಹಿಡಿದುಕೊಂಡೇ ಅವರ ಮನೆಗೆ ಹೋಗಿ ಹೆರೆಮಣೆ ಕೇಳಿದ್ದರಂತೆ. ನೀವು ಕೇಕ್ ಕೊಟ್ಟಿರಿ, ಆದರೆ ಅವರಿಂದ ಏನನ್ನೂ ಕೇಳಲಿಲ್ಲ. ಒಮ್ಮೆ ಏನನ್ನಾದರೂ ಕೇಳಿ ನೋಡಿ.

ಉತ್ತರ: ಸಭಾಪಾಲಕ, ಉಡುಪಿ

ಶಿಕ್ಷಕಿಯವರು ಹೇಳಿದ್ದಕ್ಕೆ ಸುವಾರ್ತೆಯಲ್ಲೇ ಆಧಾರವಿದೆ. ಯೋಹಾನನ 4ನೆಯ ಅಧ್ಯಾಯದಲ್ಲಿ ದಣಿದು ಬಾವಿಯ ಬಳಿ ಕುಳಿತ ಯೇಸು ಸಮಾರ್ಯದ ಸ್ತ್ರೀಯೊಂದಿಗೆ ಮಾತು ಆರಂಭಿಸುವುದು ಬೋಧನೆಯಿಂದಲ್ಲ, ಕುಡಿಯಲು ನೀರು ಕೇಳುವುದರಿಂದ. ನೀವು ಕೇಳಿದ ಪ್ರಸಂಗದ ಅಧ್ಯಾಯದ ಆರಂಭದಲ್ಲಿಯೂ ಯೇಸು ತನ್ನ ಶಿಷ್ಯರನ್ನು ಹಣದ ಚೀಲ, ಜೋಳಿಗೆ, ಕೆರಗಳಿಲ್ಲದೆ ಕಳುಹಿಸಿ, ಹೋದ ಮನೆಯಲ್ಲಿ ಬಡಿಸಿದ್ದನ್ನು ಊಟ ಮಾಡಿರೆಂದು ಹೇಳುತ್ತಾನೆ. ಪರರ ಋಣದಲ್ಲಿರಲು ಒಪ್ಪುವ ಈ ದೀನತೆ, ಕೊಡುವುದರಲ್ಲಿ ಮಾತ್ರ ಪಳಗಿದ ನಮಗೆ ಬಹಳ ಕಷ್ಟ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಸುವಾರ್ತೆ ಸಾರಲೆಂದೇ ಬಂದವರಾದರೂ ಮೊದಲು ಈ ನೆಲದ ಜನರಿಂದ ಭಾಷೆ ಕಲಿಯಬೇಕಾಯಿತು. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯಾಗಲಿ, 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಾಗಲಿ ಆ ಕಲಿಕೆಯಿಂದಲೇ ಸಾಧ್ಯವಾದವು.

ಶಂಕೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಪ್ರೀತಿಯನ್ನು ಗಾಳದ ಎರೆಯಾಗಿ ಬಳಸುವುದು ಪಾಪ. ನೆರೆಯವನು ಯಾರೆಂಬ ಪ್ರಶ್ನೆಗೆ ಉತ್ತರವಾಗಿ ಯೇಸು ಹೇಳಿದ ಕಥೆಯಲ್ಲಿ, ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡವನನ್ನು ಉಪಚರಿಸಿದ ಸಮಾರ್ಯದವನು ಅವನಿಂದ ಏನನ್ನೂ ಅಪೇಕ್ಷಿಸದೆ ಎರಡು ದಿನಗಳ ಕೂಲಿಯಷ್ಟು ಹಣವನ್ನು ಛತ್ರದವನಿಗೆ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದು ಹೇಳಿ ಹೋದನು. ನಿಮ್ಮ ನಂಬಿಕೆಯ ಬಗ್ಗೆ ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಹೇಳಿ.

ಉತ್ತರ: ಮಲ್ಪೆಯ ಓದುಗ

ನಾನು ಕ್ರೈಸ್ತನಲ್ಲ, ಆದರೂ ನೆರೆಯವನಾಗಿ ಒಂದು ಮಾತು ಹೇಳಬಯಸುತ್ತೇನೆ. ನಮ್ಮ ಪಕ್ಕದ ಮನೆಯ ಪೊರ್ಬುಗಳು (ಕೊಂಕಣಿ ಕ್ರೈಸ್ತರನ್ನು ನಮ್ಮ ಕಡೆ ಹೀಗೆ ಕರೆಯುತ್ತೇವೆ) ನನ್ನ ತಂದೆ ಹಾಸಿಗೆ ಹಿಡಿದಿದ್ದಾಗ, ಅವರಿಗಾಗಿ ದಿನವೂ ಪ್ರಾರ್ಥಿಸುತ್ತೇನೆಂದು ನೇರವಾಗಿಯೇ ಹೇಳಿದ್ದರು. ನಮಗದು ತಪ್ಪೆನಿಸಲಿಲ್ಲ, ಏಕೆಂದರೆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಕುಳಿತಿದ್ದವರೂ ಅವರೇ. ತಂದೆ ತೀರಿಕೊಂಡ ದಿನ ಜಡಿಮಳೆ ಸುರಿಯುತ್ತಿತ್ತು. ಚಿತೆಗೆ ಮಾವಿನ ಮರ ಕಡಿಯಲು ಜನ ಸೇರುವ ಮೊದಲೇ ಅವರು ತಲೆಗೆ ಬೈರಾಸು ಸುತ್ತಿಕೊಂಡು, ಕೊಡಲಿ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದರು. ಅವರ ಉದ್ದೇಶವೇನೆಂದು ನಮ್ಮ ಮನೆಯಲ್ಲಿ ಈವರೆಗೆ ಯಾರೂ ಕೇಳಿಲ್ಲ.

ಕದ್ರಿ ನಿವಾಸಿಯ ಮರುಬರಹ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ನಾವಿಬ್ಬರೂ ಮಾರುಕಟ್ಟೆಯಿಂದ ತಂದ ಕೆಸುವಿನ ಎಲೆಯ ಕಟ್ಟನ್ನು ಹಿಡಿದುಕೊಂಡು ಹೋಗಿ, ಪತ್ರೊಡೆ ಮಾಡುವುದನ್ನು ಕಲಿಸಿಕೊಡಿರೆಂದು ಎದುರುಮನೆಯ ಅಮ್ಮನವರನ್ನು ಕೇಳಿದೆವು. ಅವರು ಒಳಗೆ ಕರೆದು ಕುಳ್ಳಿರಿಸಿ, ಎಲೆಯ ದಪ್ಪ ನರವನ್ನು ಚೂರಿಯಿಂದ ಹೆರೆದು ತೆಗೆಯುವುದನ್ನೂ, ತುರಿಕೆಯಾಗದಂತೆ ಹಿಟ್ಟಿಗೆ ಎಷ್ಟು ಹುಳಿ ಸೇರಿಸಬೇಕೆಂಬುದನ್ನೂ ತೋರಿಸಿಕೊಟ್ಟರು. ದೂರದೂರಿನಲ್ಲಿರುವ ಮಗಳ ವಿಷಯ ಹೇಳುವಾಗ ಅವರ ಕಣ್ಣು ತೇವವಾಯಿತು. ಎರಡು ವರ್ಷ ಈ ಬಾಗಿಲಿನ ಎದುರೇ ಓಡಾಡಿಯೂ ನಮಗೆ ಇದೊಂದೂ ತಿಳಿದಿರಲಿಲ್ಲ. ಬರುವಾಗ ಅವರು ಪತ್ರೊಡೆ ತುಂಬಿಸಿ ಕೊಟ್ಟ ಸ್ಟೀಲ್ ಡಬ್ಬಿ ನಮ್ಮ ಅಡುಗೆಮನೆಯಲ್ಲಿದೆ. ಶನಿವಾರ ಅದರಲ್ಲಿ ನಮ್ಮೂರಿನ ಗೋಧಿ ಹುಗ್ಗಿ ಕೊಡೋಣವೆಂದು ನನ್ನ ಹೆಂಡತಿ ಗೋಧಿ ತರಿಸಿದ್ದಾಳೆ.