ಲಿನಕ್ಸ್ ಮಿಂಟ್‌ನಲ್ಲಿ ‘ಸಾಫ್ಟ್‌ವೇರ್ ರೆಂಡರಿಂಗ್’ ಅಂತ ಬರ್ತಿದೆ, ಗ್ರಾಫಿಕ್ಸ್ ಚಿಪ್ ಕೆಲಸ ಮಾಡ್ತಿಲ್ವಾ?

ಹಳೇ_ಐ3

ಎಲ್ಲರಿಗೂ ನಮಸ್ಕಾರ. ನನ್ನದು 4ನೇ ಜನರೇಶನ್ ಐ3 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ಇಂಟೆಲ್‌ನದೇ ಗ್ರಾಫಿಕ್ಸ್, ಬೇರೆ ಕಾರ್ಡ್ ಇಲ್ಲ. ಹೋದ ತಿಂಗಳು ಸ್ನೇಹಿತರೊಬ್ಬರು ಸಿನಮನ್ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಮಿಂಟ್ ಹಾಕಿಕೊಟ್ಟರು. ಲಾಗಿನ್ ಆದ ತಕ್ಷಣ ಮೂಲೆಯಲ್ಲಿ ‘ಸಾಫ್ಟ್‌ವೇರ್ ರೆಂಡರಿಂಗ್ ಮೋಡ್’ ಅಂತ ಒಂದು ಸೂಚನೆ ಬರುತ್ತದೆ. ವಿಂಡೋ ಹಿಡಿದು ಎಳೆದರೆ ಮೌಸ್ ಮುಂದೆ ಹೋಗಿರುತ್ತದೆ, ವಿಂಡೋ ಆಮೇಲೆ ನಿಧಾನವಾಗಿ ಬರುತ್ತದೆ. ಯೂಟ್ಯೂಬ್ ಹಾಕಿದರೆ ಫ್ಯಾನ್ ಸದ್ದು ಪಕ್ಕದ ರೂಮಿಗೂ ಕೇಳಿಸುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ಬ್ರೈಟ್‌ನೆಸ್ ಕೀ ಒತ್ತಿದರೂ ಏನೂ ಆಗಲ್ಲ. ವಿಂಡೋಸ್ ಆಗಿದ್ದರೆ ಡ್ರೈವರ್ ಡೌನ್‌ಲೋಡ್ ಮಾಡುತ್ತಿದ್ದೆ, ಇಲ್ಲಿ ಎಲ್ಲಿಂದ ತರಬೇಕು? ಈ ಹಾರ್ಡ್‌ವೇರ್ ಆಕ್ಸಿಲರೇಶನ್ ಅಂದರೆ ನಿಜವಾಗಿ ಏನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಸರಳ_ಡೆಸ್ಕ್‌ಟಾಪ್

ಸಿನಮನ್ ಬಿಟ್ಟು ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಹಾಕಿ ಸರ್. ಹಳೆ ಮಷೀನಿಗೆ ಅದೇ ಸರಿ, ನನ್ನ ಹತ್ತಿರ ಆರಾಮಾಗಿ ಓಡುತ್ತಿದೆ.

ಕರ್ನಲ್_ಕಟ್ಟೆ

ಎಕ್ಸ್‌ಎಫ್‌ಸಿಇ ಒಳ್ಳೆಯದೇ, ಆದರೆ ಈಗಲೇ ಬದಲಾಯಿಸಬೇಡಿ. ಹಾಗೆ ಮಾಡಿದರೆ ತೊಂದರೆ ಮುಚ್ಚಿಹೋಗುತ್ತದೆ ಅಷ್ಟೇ, ಹೋಗುವುದಿಲ್ಲ. ನಿಮ್ಮ ಚಿಪ್‌ಗೆ ಸಿನಮನ್ ಓಡಿಸುವ ಶಕ್ತಿ ಖಂಡಿತ ಇದೆ.

ನಿಮ್ಮ ಸ್ಕ್ರೀನ್ 1366×768 ಅಂತ ಇಟ್ಟುಕೊಳ್ಳಿ. ಹತ್ತೂವರೆ ಲಕ್ಷ ಚುಕ್ಕಿ. ಸೆಕೆಂಡಿಗೆ 60 ಸಲ ಬರೆದರೆ 6 ಕೋಟಿಗೂ ಜಾಸ್ತಿ. ಅದರ ಮೇಲೆ ನೆರಳು, ಪಾರದರ್ಶಕ ಅಂಚು, ಒಂದರ ಮೇಲೊಂದು ವಿಂಡೋ. ಒಂದೇ ಥರದ ಸಣ್ಣ ಲೆಕ್ಕವನ್ನು ಒಟ್ಟಿಗೆ ಸಾವಿರಾರು ಸಲ ಮಾಡಲಿಕ್ಕೆಂದೇ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಇರುವುದು. ಆ ಕೆಲಸ ಅದಕ್ಕೆ ಹೋದರೆ ಆಕ್ಸಿಲರೇಶನ್, ಸಿಪಿಯು ತಲೆ ಮೇಲೆ ಬಿದ್ದರೆ ಸಾಫ್ಟ್‌ವೇರ್ ರೆಂಡರಿಂಗ್.

ಇಂಟೆಲ್‌ಗೆ ಡ್ರೈವರ್ ಎಲ್ಲಿಂದಲೂ ತರಬೇಕಾಗಿಲ್ಲ. ಅದು ಎರಡು ಭಾಗವಾಗಿ ಈಗಾಗಲೇ ನಿಮ್ಮ ಮಷೀನಿನಲ್ಲಿದೆ. ಒಂದು ಭಾಗ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ, ಹೆಸರು ಐ915, ಚಿಪ್‌ನ ಮೆಮೊರಿ, ಸ್ಕ್ರೀನ್ ಎಲ್ಲ ಅದರ ಕೈಯಲ್ಲಿ. ಇನ್ನೊಂದು ಮೇಸಾ. ಪ್ರೋಗ್ರಾಮ್‌ಗಳು ಓಪನ್‌ಜಿಎಲ್‌ನಲ್ಲಿ (ಚಿತ್ರ ಬರೆಸುವ ಆಜ್ಞೆಗಳ ಭಾಷೆ) ಕೇಳಿದ್ದನ್ನು ಚಿಪ್‌ಗೆ ಅರ್ಥವಾಗುವ ಹಾಗೆ ಮಾಡಿಕೊಡುವುದು ಇದೇ. ಬ್ರಯಾನ್ ಪಾಲ್ 1993ರಲ್ಲಿ ಶುರು ಮಾಡಿದಾಗ ಮೇಸಾ ಪೂರ್ತಿ ಸಿಪಿಯು ಮೇಲೇ ಓಡುತ್ತಿತ್ತು, ಹಾರ್ಡ್‌ವೇರ್ ಆಮೇಲೆ ಬಂತು. ಈಗಲೂ ಜಿಪಿಯು ಸಿಗದಿದ್ದರೆ ಅದು ಸುಮ್ನೆ ಕೈಚೆಲ್ಲುವುದಿಲ್ಲ, ಎಲ್‌ಎಲ್‌ವಿಎಂಪೈಪ್ ಅನ್ನುವ ಭಾಗದ ಮೂಲಕ ಸಿಪಿಯುನಲ್ಲೇ ಚಿತ್ರ ಬರೆದುಕೊಡುತ್ತದೆ. ನಿಮಗೆ ಡೆಸ್ಕ್‌ಟಾಪ್ ಕಾಣುತ್ತಿರುವುದೇ ಅದರಿಂದ, ನಿಧಾನ ಆಗಿರುವುದೂ ಅದರಿಂದ.

ಬ್ರೈಟ್‌ನೆಸ್ ಕೀ ಮಾತು ಹೇಳಿದ್ದು ಒಳ್ಳೆಯದಾಯಿತು. ಬೆಳಕು ಕಮ್ಮಿ ಜಾಸ್ತಿ ಮಾಡುವುದೂ ಐ915 ಕೆಲಸವೇ. ಎರಡೂ ಒಟ್ಟಿಗೆ ಕೆಟ್ಟಿವೆ ಅಂದರೆ ಐ915 ಎದ್ದೇ ಇಲ್ಲ ಅಂತ ನನ್ನ ಅನುಮಾನ. ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೋ ಕೊಟ್ಟು ‘ರೆಂಡರರ್’ ಸಾಲಿನಲ್ಲಿ ಏನಿದೆ ನೋಡಿ. ಡೆವ್ ಫೋಲ್ಡರ್ ಒಳಗಿನ ಡಿಆರ್‌ಐ ಫೋಲ್ಡರಿನಲ್ಲಿ ರೆಂಡರ್‌ಡಿ128 ಅನ್ನುವ ಫೈಲ್ ಇದೆಯಾ ನೋಡಿ. ಬೂಟ್ ಮೆನು ತೋರಿಸುವ ಗ್ರಬ್‌ನ ಸೆಟ್ಟಿಂಗ್ಸ್‌ನಲ್ಲಿ ನೋಮೋಡ್‌ಸೆಟ್ ಅಂತ ಇದೆಯಾ ಅದನ್ನೂ ಹೇಳಿ.

ಹಳೇ_ಐ3

ರೆಂಡರರ್ ಸಾಲಿನಲ್ಲಿ ಎಲ್‌ಎಲ್‌ವಿಎಂಪೈಪ್ ಅಂತಲೇ ಇದೆ! ರೆಂಡರ್‌ಡಿ128 ಇಲ್ಲ. ಗ್ರಬ್‌ನಲ್ಲಿ ನೋಮೋಡ್‌ಸೆಟ್ ಇದೆ. ಮೊದಲ ಸಲ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಸ್ಕ್ರೀನ್ ಕಪ್ಪಾಗಿಬಿಟ್ಟಿತ್ತು, ಆಗ ಸ್ನೇಹಿತರು ಏನೋ ಒಂದು ಪದ ಸೇರಿಸಿದ್ದರು, ಬಹುಶಃ ಅದೇ. ತೆಗೆದರೆ ಮತ್ತೆ ಕಪ್ಪಾಗುತ್ತದಾ ಅಂತ ಭಯ.

ಕರ್ನಲ್_ಕಟ್ಟೆ

ಅದೇ ನೋಡಿ. ಹಿಂದೆ ಸ್ಕ್ರೀನಿನ ರೆಸಲ್ಯೂಶನ್ ಹೊಂದಿಸುವ ಕೆಲಸವನ್ನು ವಿಂಡೋಗಳನ್ನು ಸ್ಕ್ರೀನಿಗೆ ತರುವ ಎಕ್ಸ್ ಸರ್ವರ್ ಅನ್ನುವ ಪ್ರೋಗ್ರಾಮ್ ತಾನೇ ಮಾಡುತ್ತಿತ್ತು. 2009ರಲ್ಲಿ, 2.6.29 ಕರ್ನಲ್‌ನಿಂದ, ಇಂಟೆಲ್ ಚಿಪ್‌ಗಳಿಗೆ ಅದು ಕರ್ನಲ್ ಒಳಗೆ ಬಂತು. ನೋಮೋಡ್‌ಸೆಟ್ ಅಂದರೆ ‘ಸ್ಕ್ರೀನ್ ತಂಟೆಗೆ ಹೋಗಬೇಡ’ ಅಂತ ಕರ್ನಲ್‌ಗೆ ಹೇಳಿದ ಹಾಗೆ. ಆಗ ಐ915 ಪೂರ್ತಿ ಪಕ್ಕಕ್ಕೆ ಸರಿಯುತ್ತದೆ. ಇನ್‌ಸ್ಟಾಲ್ ಮಾಡುವಾಗ ದಾರಿ ಬಿಡಿಸಿಕೊಳ್ಳಲಿಕ್ಕೆ ಅದು ಸರಿ, ಖಾಯಂ ಇಟ್ಟುಕೊಳ್ಳುವಂಥದ್ದಲ್ಲ.

ಭಯ ಬೇಡ, ಮೊದಲು ಒಂದೇ ಸಲಕ್ಕೆ ಪರೀಕ್ಷೆ ಮಾಡಿ. ಬೂಟ್ ಮೆನುವಿನಲ್ಲಿ ಇ ಕೀ ಒತ್ತಿ, ಆ ಪದ ಮಾತ್ರ ಅಳಿಸಿ, ಎಫ್10 ಒತ್ತಿ. ಕಪ್ಪಾದರೆ ರೀಸ್ಟಾರ್ಟ್ ಮಾಡಿ, ಎಲ್ಲ ಮೊದಲಿನ ಹಾಗೇ ಇರುತ್ತದೆ. ಸರಿ ಬಂದರೆ ಮಾತ್ರ ಗ್ರಬ್ ಫೈಲಿನಲ್ಲಿ ಅಳಿಸಿ ಅಪ್‌ಡೇಟ್‌ಗ್ರಬ್ ಕೊಡಿ.

ಹಳೇ_ಐ3

ಸರ್, ಬಂತು! ಮೂಲೆಯ ಸೂಚನೆ ಇಲ್ಲ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿದೆ, ರೆಂಡರರ್‌ನಲ್ಲಿ ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ 4400 ಅಂತ ತೋರಿಸುತ್ತಿದೆ. ವಿಂಡೋ ಎಳೆದರೆ ಬೆಣ್ಣೆ ಹಾಗೆ ಜಾರುತ್ತದೆ. ಆದರೆ ಯೂಟ್ಯೂಬ್ 1080ಪಿ ಹಾಕಿದರೆ ಫ್ಯಾನ್ ಈಗಲೂ ಜೋರು. ಇದು ಯಾಕೆ?

ವಿಡಿಯೊ_ತಿಕ್ಕಲು

ಇಲ್ಲೇ ಬಹಳ ಜನ ಎಡವುತ್ತಾರೆ. ಚಿತ್ರ ಬರೆಯುವುದು ಬೇರೆ, ಒತ್ತಿ ಕಟ್ಟಿದ ವಿಡಿಯೊ ಬಿಚ್ಚುವುದು ಬೇರೆ. ಚಿಪ್ ಒಳಗೆ ಎರಡಕ್ಕೂ ಬೇರೆ ಬೇರೆ ಜಾಗ ಇದೆ, ಲಿನಕ್ಸ್‌ನಲ್ಲಿ ದಾರಿಯೂ ಬೇರೆ. ವಿಡಿಯೊ ಬಿಚ್ಚುವ ದಾರಿಯ ಹೆಸರು ವಿಎ-ಎಪಿಐ. ಫೈರ್‌ಫಾಕ್ಸ್ 115ರಿಂದ, ಅಂದರೆ 2023ರಿಂದ, ಇಂಟೆಲ್ ಇದ್ದವರಿಗೆ ಅದು ತಾನಾಗಿಯೇ ಆನ್ ಇರುತ್ತದೆ.

ಆದರೆ ಚಿಪ್‌ಗೆ ಆ ಫಾರ್ಮ್ಯಾಟ್ ಗೊತ್ತಿರಬೇಕಲ್ವಾ? ಯೂಟ್ಯೂಬ್ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕೋಡೆಕ್, ಅಂದರೆ ಫಾರ್ಮ್ಯಾಟ್, ಸಾಲಿನಲ್ಲಿ ವಿಪಿ09 (ವಿಪಿ9) ಅಂತಲೋ ಎವಿ01 (ಎವಿ1) ಅಂತಲೋ ಇರುತ್ತದೆ. ವಿಪಿ9 ಪೂರ್ತಿಯಾಗಿ ಬಿಚ್ಚುವ ಯಂತ್ರ ಇಂಟೆಲ್‌ನಲ್ಲಿ ಬಂದದ್ದು 7ನೇ ಜನರೇಶನ್‌ಗೆ, ಎವಿ1 ಬಂದದ್ದು 11ನೇದಕ್ಕೆ. ನಿಮ್ಮ 4ನೇದಕ್ಕೆ ಎಚ್.264 ಅನ್ನುವ ಹಳೆ ಫಾರ್ಮ್ಯಾಟ್ ಚೆನ್ನಾಗಿ ಬರುತ್ತದೆ. ಹಾಗಾಗಿ ಎಚ್264ಐಫೈ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ, ಯೂಟ್ಯೂಬ್ ಎಚ್.264 ಕಳಿಸುತ್ತದೆ. 1080ಪಿ ತನಕ ಮಾತ್ರ, ನಿಮ್ಮ ಸ್ಕ್ರೀನಿಗೆ ಅದು ಧಾರಾಳ. ಐ965 ವಿಎ ಡ್ರೈವರ್ ಪ್ಯಾಕೇಜ್ ಇದೆಯಾ ಅಂತಲೂ ನೋಡಿ, ಹಳೆ ಚಿಪ್‌ಗಳಿಗೆ ಅದೇ ಬೇಕು. ಇಂಟೆಲ್‌ನ ಹೊಸ ಮೀಡಿಯಾ ಡ್ರೈವರ್ 5ನೇ ಜನರೇಶನ್‌ನಿಂದ ಈಚೆಗೆ.

ಇದನ್ನು ಓದುವವರಲ್ಲಿ ಎಎಂಡಿ ಚಿಪ್ ಮೇಲೆ ಫೆಡೋರಾ (ಇನ್ನೊಂದು ಲಿನಕ್ಸ್) ಇರುವವರಿಗೂ ಒಂದು ಮಾತು: ಪೇಟೆಂಟ್ ಕಾರಣಕ್ಕೆ 2022ರಲ್ಲಿ ಫೆಡೋರಾ ತನ್ನ ಮೇಸಾದಲ್ಲಿ ಎಚ್.264 ಬಿಚ್ಚುವುದನ್ನು ನಿಲ್ಲಿಸಿತು. ಆರ್‌ಪಿಎಂ ಫ್ಯೂಶನ್ ಅನ್ನುವ ಹೊರಗಿನ ಸಂಗ್ರಹದ ‘ಫ್ರೀವರ್ಲ್ಡ್’ ಪ್ಯಾಕೇಜ್ ಹಾಕಿಕೊಂಡರೆ ವಾಪಸ್ ಬರುತ್ತದೆ.

ಹಳೇ_ಐ3

ಹಾಕಿದೆ. ಈಗ ಕೋಡೆಕ್ ಸಾಲಿನಲ್ಲಿ ಎವಿಸಿ1 (ಅಂದರೆ ಎಚ್.264) ಅಂತಿದೆ. ಇಂಟೆಲ್ ಜಿಪಿಯು ಟಾಪ್ ಅನ್ನುವ ಟೂಲನ್ನು ಪಕ್ಕದಲ್ಲಿ ತೆರೆದಿಟ್ಟು ನೋಡಿದೆ. ವಿಂಡೋ ಎಳೆದರೆ ರೆಂಡರ್ ಪಟ್ಟಿ ಏರುತ್ತದೆ, ವಿಡಿಯೊ ಶುರುವಾದ ಕೂಡಲೇ ಇಷ್ಟು ಹೊತ್ತು ಸೊನ್ನೆಯಲ್ಲಿದ್ದ ವಿಡಿಯೊ ಪಟ್ಟಿಯೂ ಏರುತ್ತದೆ, ಪಾಸ್ ಒತ್ತಿದರೆ ಮತ್ತೆ ಸೊನ್ನೆ. ನೀವು ಹೇಳಿದ ಎರಡು ಜಾಗ ಕಣ್ಣಾರೆ ನೋಡಿದ ಹಾಗಾಯಿತು. ಇದನ್ನು ಬರೆಯುವಾಗಲೂ ಪಕ್ಕದಲ್ಲಿ ವಿಡಿಯೊ ಓಡುತ್ತಿದೆ, ಫ್ಯಾನ್ ಸದ್ದಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.