ಮೊಸರನ್ನಕ್ಕೆ ಲೈಸೆನ್ಸ್ ಬೇಡ

ನಾವಿರುವುದು ಪಶ್ಚಿಮ ಲಂಡನ್ನಿನಲ್ಲಿ, ಒಂದು ಕಬಾಬ್ ಅಂಗಡಿಯ ಮೇಲೆ. ಮನೆ ತೋರಿಸುವಾಗ ಏಜೆಂಟ್ "ಊಟಕ್ಕಂತೂ ತೊಂದರೆ ಇಲ್ಲ ಬಿಡಿ" ಅಂದಿದ್ದ. ನಿದ್ದೆಯ ವಿಷಯ ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನೆ ಒಂದು ಶನಿವಾರ ಶೀನ ಕೈಯಲ್ಲಿ ಚಿಪ್ಸ್ ಪೊಟ್ಟಣ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ.

"ಕೆಳಗೆ ಕಿಟಕಿಗೆ ನೀಲಿ ಕಾಗದ ಅಂಟಿಸಿದ್ದಾರಲ್ಲ, ನೋಡಿದ್ಯಾ?"

ನೋಡಿರಲಿಲ್ಲ. ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡುತ್ತೇನೆ. ಮೆನು ಪಟ್ಟಿಯ ಪಕ್ಕದಲ್ಲಿ ತೆಳು ನೀಲಿ ಬಣ್ಣದ ಎ4 ಹಾಳೆ, ಒಂದು ಮೂಲೆಯಲ್ಲಿ ಎಣ್ಣೆ ಕಲೆ. ಅದೇನೋ ಆಫರ್ ಇರಬೇಕು ಅಂದುಕೊಂಡಿದ್ದೆ. ಚಿಪ್ಸ್ ಕರಿಯುವವರೆಗೆ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಶೀನ ಮಾತ್ರ ಪೂರ್ತಿ ಓದಿ, ಫೋಟೋನೂ ತೆಗೆದುಕೊಂಡು ಬಂದಿದ್ದ.

ನಮ್ಮ ಮಾವನವರು ಕನ್ನಡಕ ಏರಿಸಿದರು. ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಬಂದಾಗಿನಿಂದ ಅವರ ಕೈಗೆ ಒಂದು ಕಡತವೂ ಸಿಕ್ಕಿರಲಿಲ್ಲ.

"ಅಂಗಡಿ ವೇಳೆ ಹೆಚ್ಚಿಸಲು ಅರ್ಜಿ ಹಾಕಿದ್ದಾನೆ. ಈಗಿರುವ ವೇಳೆ ವಾರದ ದಿನ ರಾತ್ರಿ 12, ಶುಕ್ರವಾರ ಶನಿವಾರ 1. ಕೇಳಿರುವುದು ದಿನಾ 3ರವರೆಗೆ. ಆಕ್ಷೇಪಣೆ ಇದ್ದರೆ 28 ದಿನದೊಳಗೆ ಕೌನ್ಸಿಲ್‌ಗೆ ಬರೆಯಬೇಕು." ಮಾವನವರ ಮುಖ ಊರಬ್ಬದ ದಿನದ ಹಾಗೆ ಅರಳಿತು. "19 ದಿನ ಆಗಲೇ ಹೋಯ್ತಲ್ರೀ!"

"ಮೂರು ಗಂಟೇಲಿ ಯಾರು ತಿಂತಾರೆ ಕಬಾಬು?" ನಮ್ಮ ಮನೆಯವಳ ಪ್ರಶ್ನೆ.

"ನಾನು," ಅಂದಳು ಪದ್ದಕ್ಕ. ಅವಳು ಆಸ್ಪತ್ರೆಯಲ್ಲಿ ನರ್ಸು. "ಲೇಟ್ ಶಿಫ್ಟ್ ಮುಗಿಸಿ ಬಸ್ಸಿಳಿಯೋದು ಹನ್ನೆರಡೂಕಾಲಿಗೆ. ಅವನು ಹನ್ನೆರಡಕ್ಕೆ ಶಟರ್ ಎಳೀತಾನೆ. ಅಷ್ಟು ಹೊತ್ತಲ್ಲಿ ಮನೆಗೆ ಹೋಗಿ ಸಾರು ಕುದಿಸಲಾ? ದಯವಿಟ್ಟು ಮುಚ್ಚಿಸಬೇಡ್ರಪ್ಪ."

ಶೀನ ಎಲ್ಲ ಓದಿಕೊಂಡೇ ಬಂದಿದ್ದ. ಇಂಗ್ಲೆಂಡ್, ವೇಲ್ಸ್‌ಗೆಲ್ಲ 2003ರ ಲೈಸೆನ್ಸಿಂಗ್ ಕಾಯ್ದೆ ಅಂತ ಒಂದಿದೆ. ರಾತ್ರಿ 11ರಿಂದ ಬೆಳಗಿನ ಜಾವ 5ರವರೆಗೆ ಬಿಸಿ ತಿಂಡಿ, ಬಿಸಿ ಕಾಫಿ ಟೀ ಮಾರಬೇಕಾದರೆ ಅದಕ್ಕೆ ಲೈಸೆನ್ಸ್ ಬೇಕು.

"ತಣ್ಣಗಿದ್ದರೆ?" ಮಾವನವರು ಪೆನ್ನು ತೆಗೆದರು.

"ಬೇಡ."

"ಅಂದ್ರೆ ಬಿಸಿಬೇಳೆಬಾತಿಗೆ ಬೇಕು, ಮೊಸರನ್ನಕ್ಕೆ ಬೇಡ."

"ಕರೆಕ್ಟು ಅಂಕಲ್. ದುಡ್ಡು ತಗೊಳ್ಳದೆ ಸುಮ್ನೆ ಹಂಚಿದ್ರೆ ಬಿಸಿದಕ್ಕೂ ಬೇಡ."

"ದೇವಸ್ಥಾನದ ಪೊಂಗಲ್ ಬಚಾವ್ ಆಯ್ತು ಬಿಡಿ."

"ಇನ್ನೊಂದಿದೆ. ಓಡ್ತಿರೋ ಗಾಡಿಯಲ್ಲಿ ಕೊಟ್ರೆ ಬೇಡ. ನಿಲ್ಲಿಸಿಕೊಂಡು ಕೊಟ್ರೆ ಬೇಕು."

"ಶ್! ಕೆಳಗಿನವನಿಗೆ ಕೇಳಿಸೀತು," ಅಂದಳು ಪದ್ದಕ್ಕ. "ಅಂಗಡಿಗೇ ಚಕ್ರ ಹಾಕಿಸಿಬಿಡ್ತಾನೆ."

ಮಾವನವರಿಗಿದ್ದ ಒಂದೇ ಅನುಮಾನ, ಪ್ರವಾಸಕ್ಕೆ ಬಂದವರು ತಕರಾರು ಹಾಕಬಹುದಾ ಅನ್ನುವುದು. ಹಾಕಬಹುದಂತೆ. ಮೊದಲೆಲ್ಲ ಅಕ್ಕಪಕ್ಕದಲ್ಲಿ ವಾಸವಿರಬೇಕಿತ್ತು, 2011ರ ತಿದ್ದುಪಡಿಯಲ್ಲಿ ಆ ನಿಯಮ ತೆಗೆದುಹಾಕಿದರು. ಈಗ ಯಾರು ಬೇಕಾದರೂ ಬರೆಯಬಹುದು, ಫೀಸೂ ಇಲ್ಲ. "ಸ್ಟಾಂಪು ಡ್ಯೂಟೀನೂ ಇಲ್ವಾ!" ಅಂದ ದನಿಯಲ್ಲಿ ಈ ದೇಶದ ಮೇಲೆ ಅವರಿಗೆ ಹುಟ್ಟಿದ ಗೌರವ ಕೇಳಿಸಿತು. ಬಿಗ್ ಬೆನ್ ನೋಡಿದಾಗಲೂ ಅಷ್ಟು ಹುಟ್ಟಿರಲಿಲ್ಲ.

ಒಂದು ಗಂಟೆಯಲ್ಲಿ ಹನ್ನೊಂದು ಅಂಶಗಳ ಮನವಿ ತಯಾರಾಯಿತು. ಶೀನ ಕೂತು ಹೊಡೆದುಹಾಕುತ್ತಾ ಹೋದ. ಮನೆಯ ಬೆಲೆ ಇಳಿಯುತ್ತದೆ: ನಡೆಯಲ್ಲ. ಬೀದಿಯಲ್ಲಿ ಇಂಥದೇ ಅಂಗಡಿ ಆಗಲೇ ನಾಲ್ಕಿವೆ: ಅದೂ ನಡೆಯಲ್ಲ. ಯುವಕರು ಕೆಡುತ್ತಿದ್ದಾರೆ: ಅಂಕಲ್, ಪ್ಲೀಸ್. ಅಪರಾಧ ತಡೆ, ಜನರ ಸುರಕ್ಷತೆ, ಸಾರ್ವಜನಿಕರಿಗೆ ಆಗುವ ಉಪದ್ರವ, ಮಕ್ಕಳ ರಕ್ಷಣೆ. ಈ ನಾಲ್ಕು ಬಾಬತ್ತಿನಲ್ಲಿ ಯಾವುದಕ್ಕಾದರೂ ಸೇರಿದರೆ ಮಾತ್ರ ಲೆಕ್ಕ. ಸದ್ದು, ಕಸ, ಕೆಟ್ಟ ವಾಸನೆ ಮೂರನೆಯದಕ್ಕೆ ಬರುತ್ತವೆ.

"ಈರುಳ್ಳಿ ಹುರಿಯೋದು ಕೆಟ್ಟ ವಾಸನೇನಾ?" ಪದ್ದಕ್ಕ ಕೇಳಿದಳು. "ನನಗಂತೂ ಹಸಿವಾಗುತ್ತೆ."

ವಾಸನೆಯನ್ನೂ ಹೊಡೆದದ್ದಾಯಿತು.

ಆಮೇಲೆ ಶೀನ ಹೇಳಿದ ಒಂದು ಮಾತಿಗೆ ನನ್ನ ಜೀವ ಬಾಯಿಗೆ ಬಂತು. ತಕರಾರು ಬರೆದವರ ಹೆಸರು, ವಿಳಾಸ ಸಾಮಾನ್ಯವಾಗಿ ಅರ್ಜಿದಾರನ ಕೈಗೂ ಹೋಗುತ್ತದಂತೆ. ನೋಡಿ, ಆ ಅಂಗಡಿಯವನು ನನಗೆ ಮೂರು ವರ್ಷದಿಂದ ಕೇಳದೆಯೇ ಚಿಲ್ಲಿ ಸಾಸ್ ಜಾಸ್ತಿ ಹಾಕುತ್ತಾನೆ. ನಾಳೆ ಯಾವ ಮುಖ ಇಟ್ಟುಕೊಂಡು ಹೋಗಲಿ?

"ನೀವು ಹೆದರಬೇಡಿ. ಸಹಿ ನನ್ನದು," ಅಂದರು ಮಾವನವರು. ವಿಳಾಸ ನನ್ನದೇ ಅಲ್ವಾ ಅಂತ ನಾನು ಬಾಯಿ ಬಿಡಲಿಲ್ಲ.

ಸಹಿಯ ಜೊತೆ ಸಾಕ್ಷಿಯೂ ಬೇಕಲ್ಲ. ಬೀದಿ ಕಡೆಯ ಕೋಣೆಯಲ್ಲಿ ಮಲಗುವ ಮಾವನವರು ಬಂದ ವಾರದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ರಾತ್ರಿಯ ಸದ್ದುಗಳನ್ನೆಲ್ಲ ಬರೆದಿಟ್ಟಿದ್ದರು. ಗೆರೆ ಎಳೆದು ಕಾಲಂ ಮಾಡಿದ್ದರು. ವೇಳೆ, ಸದ್ದು, ಷರಾ. ಪದ್ದಕ್ಕ ಗಟ್ಟಿಯಾಗಿ ಓದತೊಡಗಿದಳು.

"ರಾತ್ರಿ 11.40. ಮೊಪೆಡ್ ಎರಡು. ಎಂಜಿನ್ ಆರಿಸದೆ ಆರು ನಿಮಿಷ. ಷರಾ: ಪೆಟ್ರೋಲು ದಂಡ."

"12.05. ಒಬ್ಬ ಹಾಡಿದ. ಷರಾ: ಶ್ರುತಿ ಇಲ್ಲ."

"12.10. ಅದೇ ವ್ಯಕ್ತಿ, ಅದೇ ಹಾಡು. ಷರಾ: ಸುಧಾರಣೆ ಇಲ್ಲ."

"11ರಿಂದ 12.30. ಫ್ಯಾನು. ಷರಾ: ಗುಂಯ್."

ಈ ಗುಂಯ್ ಎಲ್ಲ ಪುಟದಲ್ಲೂ ಇತ್ತು.

"ಶುಕ್ರವಾರ 12.35. ಒಬ್ಬರು ಕಿಟಕಿಯ ಕೆಳಗೆ ನಿಂತು ಫೋನಿನಲ್ಲಿ 20 ನಿಮಿಷ ಜೋರು ಮಾತು. 'ಅಮ್ಮಾ, ಕೇಳಿಸ್ತಿದ್ಯಾ? ಹಲೋ! ಹಾಲು ಬಂತಾ?' ಭಾಷೆ: ಕನ್ನಡ. ಸೀಮೆ: ಹಾಸನ. ಷರಾ: ವ್ಯಕ್ತಿ ಪರಿಚಿತರು, ಹೆಸರು ಗೌಪ್ಯ."

ಎಲ್ಲರೂ ಶೀನನ ಕಡೆ ತಿರುಗಿದೆವು. ಅವನು ಚಿಪ್ಸ್ ಪೊಟ್ಟಣದಲ್ಲಿ ಏನೋ ಹುಡುಕುತ್ತಿದ್ದ.

"ಆಗ ಊರಲ್ಲಿ ಬೆಳಗ್ಗೆ ಐದು ಗಂಟೆ ಕಣ್ರೀ. ಅಮ್ಮ ಏಳೋದೇ ಆಗ. ಬೇರೆ ಹೊತ್ತಲ್ಲಿ ಸೀರಿಯಲ್ ನೋಡ್ತಿರ್ತಾರೆ, ಫೋನೇ ಎತ್ತಲ್ಲ."

"ಉಪದ್ರವ ಅಂದ್ರೆ ಮೂರನೇ ಬಾಬತ್ತು," ಅಂದಳು ಪದ್ದಕ್ಕ.

ಮನವಿ ಇಮೇಲ್‌ನಲ್ಲಿ ಹೋಯಿತು. ವಾರದೊಳಗೆ ಕೌನ್ಸಿಲಿನ ಲೈಸೆನ್ಸಿಂಗ್ ವಿಭಾಗದಿಂದ ಫೋನು. ಮೊದಲು ಅಂಗಡಿಯವರ ಜೊತೆ ಕೂತು ಮಾತಾಡುತ್ತೀರಾ? ಎರಡೂ ಕಡೆಯವರು ಒಪ್ಪಿಕೊಂಡರೆ ವಿಚಾರಣೆಯೇ ಬೇಡ. ಇಲ್ಲದಿದ್ದರೆ ಮೂವರು ಕೌನ್ಸಿಲರುಗಳ ಮುಂದೆ ಬರಬೇಕು. ಮಾವನವರಿಗೆ ಸ್ವಲ್ಪ ಬೇಜಾರಾಯಿತು. ಕೌನ್ಸಿಲರುಗಳ ಮುಂದೆ ನಿಲ್ಲಲೆಂದು ಕೋಟು ಇಸ್ತ್ರಿ ಮಾಡಿಸಿದ್ದರು.

ಮಂಗಳವಾರ ನಾಲ್ಕು ಗಂಟೆಗೆ ಹೋದೆವು. ಗಿರಾಕಿಗಳಿರಲಿಲ್ಲ. ಮಾಲೀಕ ಪುಟ್ಟ ಗಾಜಿನ ಲೋಟಗಳಲ್ಲಿ ಟೀ ತಂದಿಟ್ಟ. ಬಾಡಿಗೆ ಏರಿದೆ, ಡೆಲಿವರಿ ಆರ್ಡರುಗಳೆಲ್ಲ ಬರುವುದೇ ತಡರಾತ್ರಿ, ನಾನೇನು ಮಾಡಲಿ ಅಂದ. ಮಾವನವರು ನೋಟ್‌ಬುಕ್ ತೆರೆದರು. ಹಾಡಿದವನ ಪುಟಕ್ಕೆ ಬಂದಾಗ ಮಾಲೀಕ ನಕ್ಕ. ಅವನು ತನ್ನ ಭಾಮೈದನಂತೆ. ಗುಂಯ್ ಅನ್ನುವುದನ್ನು ಮಾತ್ರ ನನ್ನ ಕೈಲಿ ಇಂಗ್ಲಿಷಿನಲ್ಲಿ ಹೇಳಲಾಗಲಿಲ್ಲ.

"ಮೇಲೆ ಬನ್ನಿ," ಅಂದರು ಮಾವನವರು. ಇದನ್ನು ಕನ್ನಡದಲ್ಲೇ ಹೇಳಿದರು, ಅವನಿಗೆ ಅರ್ಥವಾಯಿತು.

ಫ್ಯಾನು ಹಾಕಲು ಹುಡುಗನಿಗೆ ಹೇಳಿ ಅವನು ನಮ್ಮ ಮನೆಗೆ ಬಂದ. ಮೂರು ವರ್ಷದಲ್ಲಿ ಅದೇ ಮೊದಲು. ಮಾವನವರ ಮಂಚದ ಪಕ್ಕ ಕಿಟಕಿ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರಿತ್ತು. ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಅವನು ಗೋಡೆಗೆ ಅಂಗೈ ಇಟ್ಟ. ಹಾಗೇ ನಿಂತ. ಕೆಳಗೆ ಎಣ್ಣೆಯ ಚಟಪಟದಲ್ಲಿ ನಿಂತವನಿಗೆ ತನ್ನ ಫ್ಯಾನು ಹೀಗೂ ಕೂಗುತ್ತದೆ ಅಂತ ಗೊತ್ತೇ ಇರಲಿಲ್ಲ. ಅದರ ಪೈಪಿನ ಕ್ಲ್ಯಾಂಪುಗಳನ್ನು ನೇರವಾಗಿ ನಮ್ಮ ಗೋಡೆಯ ಇಟ್ಟಿಗೆಗೇ ಬಡಿದಿದ್ದರು.

ಅಲ್ಲಿಂದ ಮುಂದೆ ಬೇಗ ಮುಗಿಯಿತು. ವಾರದ ದಿನ 1, ಶುಕ್ರ ಶನಿ 2. ಫ್ಯಾನಿಗೆ, ಪೈಪಿಗೆ ರಬ್ಬರ್. ಮೊಪೆಡ್ ನಿಂತ ಕೂಡಲೇ ಎಂಜಿನ್ ಆಫ್. ಅಂಗಡಿ ಮುಚ್ಚುವ ಮುಂಚೆ ಬೀದಿಯ ಕಸ ಎತ್ತಬೇಕು. ಮಾಲೀಕನ ಮೊಬೈಲ್ ನಂಬರ್ ನಮಗೆ. ಅವನು ಕೈ ಚಾಚಿದ. ಮಾವನವರು ಕುಲುಕಿದರು, ಆದರೆ ಬಿಡಲಿಲ್ಲ. "ಬಾಯಿಮಾತಾಗಬಾರದು. ಷರತ್ತು ಲೈಸೆನ್ಸಿನಲ್ಲೇ ಬರಬೇಕು." ಹಾಗೇ ಆಯಿತು. ಷರತ್ತು ಮುರಿದರೆ ಅಪರಾಧ. ಯಾವಾಗ ಬೇಕಾದರೂ ಲೈಸೆನ್ಸಿನ ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಈ ಎರಡನೆಯದನ್ನು ಮಾವನವರು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದುಕೊಂಡಿದ್ದಾರೆ.

"ನಮ್ಮಲ್ಲೂ ರಾತ್ರಿ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಅಂತ 2000ದಿಂದ ನಿಯಮ ಇದೆ," ಅಂದರು ರಾತ್ರಿ ಊಟಕ್ಕೆ ಕೂತಾಗ. "ಗಣಪತಿ ಕೂರಿಸೋರಿಗೆ ಮಾತ್ರ ಯಾರೂ ಹೇಳಿಲ್ಲ."

ಇನ್ನೊಂದು ಷರತ್ತಿತ್ತು. ಗಿರಾಕಿಗಳು ಸದ್ದು ಮಾಡದೆ ಹೋಗಬೇಕು ಅಂತ ಬಾಗಿಲಲ್ಲಿ ಬೋರ್ಡು. ಇಂಗ್ಲಿಷಿನದು ಮಾರನೇ ದಿನವೇ ಬಂತು. ಮಾವನವರು ಮಾಲೀಕನನ್ನು ಕೇಳಿ ಅದರ ಕೆಳಗೆ ಇನ್ನೊಂದು ಅಂಟಿಸಿದರು. ದಪ್ಪ ಮಾರ್ಕರಿನಲ್ಲಿ, ಕಚೇರಿಯ ದುಂಡು ಅಕ್ಷರದಲ್ಲಿ: "ಮೆಲ್ಲಗೆ ಮಾತಾಡಿ, ಮೇಲೆ ಜನ ಮಲಗಿದ್ದಾರೆ."

ಇದು ಯಾವ ಭಾಷೆ, ಇದನ್ನು ಓದುವ ಗಿರಾಕಿ ನನಗೆಷ್ಟಿದ್ದಾರೆ ಅಂತ ಮಾಲೀಕ ಕೇಳಿದ. ಒಬ್ಬ ಅಂದೆ.

ಪದ್ದಕ್ಕನಿಗೆ ಈಗ ಹನ್ನೆರಡೂಕಾಲಿಗೆ ಬಿಸಿ ಚಿಪ್ಸ್ ಸಿಗುತ್ತದೆ. ಫ್ಯಾನು ಗುಂಯ್ ಅನ್ನುವುದಿಲ್ಲ. ಗೋಡೆಗೆ ಕಿವಿ ಕೊಟ್ಟರೆ ಉಸಿರು ಎಳೆದಷ್ಟು ಸದ್ದು. ಮಾವನವರಿಗೆ ನಿದ್ದೆ ಬರುತ್ತಿದೆ, ಆದರೂ ಅಭ್ಯಾಸಬಲ, ನೋಟ್‌ಬುಕ್ ದಿಂಬಿನ ಕೆಳಗೇ ಇರುತ್ತದೆ. ಹೋದ ಶುಕ್ರವಾರದ ಪುಟ ನಿನ್ನೆ ನನ್ನ ಕಣ್ಣಿಗೆ ಬಿತ್ತು.

"12.35. ಪರಿಚಿತ ವ್ಯಕ್ತಿ ಬೋರ್ಡಿನ ಮುಂದೆ ನಿಂತು ಅದರಲ್ಲಿರುವುದನ್ನು ತಾಯಿಗೆ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿದರು. ಎರಡು ಸಲ. ಷರಾ: ಆ ಕಡೆ ಕೇಳಿಸಲಿಲ್ಲವಂತೆ."