ಸಹಾಯ ಬೇಕು: ಜಪಾನೀ ‘ಚೂಶೋತೆಕಿ’ ಮುಂದೆ ‘ನ’ ಯಾವಾಗ ಬಿಡಬಹುದು?

ಜಪಾನೀಸ್ ಗೊತ್ತಿರೋರು ದಯವಿಟ್ಟು ನೋಡಿ. ‘ಚೂಶೋತೆಕಿ’ ಅಂದ್ರೆ ಅಮೂರ್ತ. ಇದರ ವಿರುದ್ಧ ಪದ ‘ಗುತಾಯ್ತೆಕಿ’. ಕೊನೆಯಲ್ಲಿ ‘ಇ’ ಕೇಳಿಸಿದ್ರೂ ಇದು ‘ನ’ ಗುಂಪಿನ ವಿಶೇಷಣ, ಅಂದ್ರೆ ನಾಮಪದಕ್ಕೆ ಮೊದಲು ‘ನ’ ಸೇರಿಸಿಕೊಳ್ಳೋದು. ಹಾಗಾಗಿ ‘ತಕಾಯ್’ (ಎತ್ತರದ) ಥರ ನಿಷೇಧಕ್ಕೆ ‘ಕುನಾಯ್’ ಹಚ್ಚಿದ್ರೆ ತಪ್ಪು. ಅಲ್ಲಿವರೆಗೆ ಸರಿ.

ರೂಪಗಳೂ ಕನ್ನಡದವರಿಗೆ ಸುಲಭವೇ. ‘ಚೂಶೋತೆಕಿ ನ ಹನಶಿ’ ಅಂದ್ರೆ ಅಮೂರ್ತವಾದ ಮಾತು, ‘ಚೂಶೋತೆಕಿ ನಿ ಹನಸು’ ಅಂದ್ರೆ ಅಮೂರ್ತವಾಗಿ ಮಾತಾಡು. ನಮ್ಮ ‘ಆದ’, ‘ಆಗಿ’ ಇದ್ದ ಹಾಗೇ. ನಿಷೇಧಕ್ಕೆ ‘ಜಾ ನಾಯ್’, ಭೂತಕಾಲಕ್ಕೆ ‘ದತ್ತ’, ಎರಡೂ ಸೇರಿದ್ರೆ ‘ಜಾ ನಕತ್ತ’. ವಾಕ್ಯ ಮುಂದುವರಿಸೋಕೆ ‘ದೆ’: ‘ಚೂಶೋತೆಕಿ ದೆ ವಕರಿನಿಕುಯ್’, ಅಮೂರ್ತವಾಗಿದ್ದು ಅರ್ಥವಾಗೋದು ಕಷ್ಟ. (ಕಾಂಜಿ, ಅಂದ್ರೆ ಚೀನೀ ಮೂಲದ ಅಕ್ಷರ, ನೋಡ್ಕೊಂಡು ಬರೀರಿ. ನಿಂದೆ ಅನ್ನೋ ಅರ್ಥದ ‘ಚೂಶೋ’ ಕೂಡ ಇದೇ ಉಚ್ಚಾರಣೆ!)

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಅಮೂರ್ತ ಪರಿಕಲ್ಪನೆಗೆ ‘ಚೂಶೋತೆಕಿ ನ ಗಾಯ್ನೆನ್’, ‘ಚೂಶೋತೆಕಿ ಗಾಯ್ನೆನ್’, ‘ಚೂಶೋ ಗಾಯ್ನೆನ್’ ಮೂರೂ ಕಾಣಿಸ್ತವೆ. ಅಮೂರ್ತ ಚಿತ್ರಕ್ಕೆ ಮಾತ್ರ ‘ಚೂಶೋಗ’, ಭಾವನಾಮಕ್ಕೆ ‘ಚೂಶೋ ಮೇಶಿ’. ಇವುಗಳಲ್ಲಿ ‘ತೆಕಿ’ಯೇ ಇಲ್ಲ. ನಿಘಂಟು ಅರ್ಥ ಕೊಡುತ್ತೆ, ಆಯ್ಕೆ ಹೇಗೆ ಅಂತ ಹೇಳಲ್ಲ. ಕನ್ನಡದ ‘ಅಮೂರ್ತ ಚಿತ್ರ’, ‘ಅಮೂರ್ತವಾದ ಚಿತ್ರ’ ಹೋಲಿಕೆ ಹಿಡಿದು ‘ಚೂಶೋತೆಕಿ ಹನಶಿ’ ಅಂದ್ರೆ ತಪ್ಪಾಗುತ್ತೆ.

ಪ್ರಶ್ನೆ ಎರಡೇ. ‘ನ’ ಬಿಡೋದು ಮುಂದಿನ ಪದ ‘ಗಾಯ್ನೆನ್’ ಥರ ಚೀನೀ ಮೂಲದ್ದಾಗಿದ್ರೆ ಮಾತ್ರವಾ? ಪ್ರಬಂಧ ಬರೆಯುವಾಗ ಆ ಮೂರರಲ್ಲಿ ಯಾವುದು ಸಹಜ? ಒಂದೊಂದು ಉದಾಹರಣೆ ವಾಕ್ಯದ ಜೊತೆ ಹೇಳಿದ್ರೆ ಉಪಕಾರ.